ಹತ್ತಿಕಟ್ಟಿಗೆಯ ಬೆಂಕಿ

"ಗಣಿ ಲಾರಿ ಹೊಡಿಯೋರು ಮನ್ಯಾಗ ಇದ್ರ ಈ ಒಲಿ ಒಯ್ಯಬ್ಯಾಡವ್ವಾ. ಮಾಟ ಮಾಡಿಸಿದ್ದೈತಿ."

ಕೊಟ್ರಮ್ಮ ಹೀಗೆಂದಾಗ ಪರ್ವೀನ್‌ಗೆ ನಗು ತಡೆಯಲಾಗಲಿಲ್ಲ. ಗದಗಿನಿಂದ ಬಳ್ಳಾರಿಗೆ ಸೊಸೆಯಾಗಿ ಬಂದವಳು ಅವಳು. ದೆವ್ವ, ಮಾಟ ಎಂದರೆ ಮೂಗು ಮುರಿಯುವ ಪೈಕಿ. ಕುರುಗೋಡಿನ ಈ ಮುದುಕಿಯ ಮನೆಗೆ ಬಂದದ್ದು ಹಳೆಯ ಪೆಲೆಟ್ ಒಲೆ ಕೊಳ್ಳಲು. ಸ್ಟೀಲಿನ ಒಲೆ, ತಳದಲ್ಲೊಂದು ಪುಟ್ಟ ಫ್ಯಾನು. ಹೊಟ್ಟನ್ನೋ ಕಟ್ಟಿಗೆಪುಡಿಯನ್ನೋ ಒತ್ತಿ ಮಾಡಿದ ಬೆರಳುಗಾತ್ರದ ಪೆಲೆಟ್ಟು ತುಂಬಿದರೆ ಹೊಗೆಯಿಲ್ಲದೆ ಉರಿಯುತ್ತದೆ. ಪರ್ವೀನ್‌ಗೆ ಬೇಕಾದದ್ದು ಅದೇ. ಮಗಳು ಶಮಾ ಇನ್ನೂ ತೊದಲು ಮಾತಿನ ಕೂಸು, ಅದಕ್ಕೆ ಉಬ್ಬಸ. ಕಟ್ಟಿಗೆ ಒಲೆಯ ಹೊಗೆ ತಾಗಿದರೆ ಎದೆ ಕುಯ್‌ಗುಟ್ಟುತ್ತಿತ್ತು. ಹೊಗೆ ತಪ್ಪಿಸದಿದ್ದರೆ ಮಗು ಉಳಿಯುವುದು ಕಷ್ಟ ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಗ್ಯಾಸಿಗೆ ಬರೆಸಿದ್ದು ಇನ್ನೂ ಬಂದಿರಲಿಲ್ಲ.

"ನಿಮ್ಮೋರು ಏನ್ ಕೆಲಸ ಮಾಡ್ತಾರ?" ಮುದುಕಿ ಬಿಡಲಿಲ್ಲ.

ಗಂಡ ಇಲಿಯಾಸ್ ಅದಿರಿನ ಲಾರಿಯ ಡ್ರೈವರು. ಆದರೆ ಬಳ್ಳಾರಿಯಲ್ಲಿ ಅದಿರಿನ ದುಡ್ಡು ಹೊಳೆಯಾಗಿ ಹರಿಯುತ್ತಿದ್ದ ಆ ವರ್ಷಗಳಲ್ಲಿ, ದಾರಿಬದಿಯ ಹೊಲದವರ ಮುಂದೆ ಹಾಗೆಂದರೆ ಕುಡಿಯಲು ನೀರೂ ಸಿಗುತ್ತಿರಲಿಲ್ಲ. ಬಿಳಿ ಹತ್ತಿ ಕೆಂಪು ಧೂಳಿನಲ್ಲಿ ಮುಳುಗಿತ್ತು. ಲಾರಿಯ ಹೆಸರೆತ್ತಿದರೆ ಜನ ಉಗಿಯುತ್ತಿದ್ದರು.

"ಜೀನ್ಸ್ ಹೊಲಿತಾರ," ಎಂದಳು ಪರ್ವೀನ್. ಬಳ್ಳಾರಿಯಲ್ಲಿ ಓಣಿಗೆ ಹತ್ತು ಜನ ಜೀನ್ಸ್ ಹೊಲಿಯುತ್ತಾರೆ, ಯಾರು ಹೋಗಿ ನೋಡುತ್ತಾರೆ?

ಕೊಟ್ರಮ್ಮನ ಮುಖ ಸಡಿಲಾಯಿತು. "ಹಂಗಾರ ಒಯ್ಯಿ. ಮನ್ಯಾಗ ಇಟ್ಕೊಂಡು ನಂಗ ನಿದ್ದಿ ಬರವಲ್ದು. ಆದ್ರ ಹತ್ತಿಕಟಗಿ ಗುಳಿಗಿ ಮಾತ್ರ ಹಾಕಬ್ಯಾಡ. ಸಿರುಗುಪ್ಪದ ಭತ್ತದ ಹೊಟ್ಟಿಂದು ಹಾಕು. ಹತ್ತಿಕಟಗಿ ಉರದ್ರ ಮಾಟ ಏಳತೈತಿ."

"ಆತು ಬಿಡ್ರಿ ದೊಡ್ಡವ್ವಾ, ಮಾಟಕ್ಕೂ ಪಥ್ಯ ಐತಿ ಅಂದಂಗಾತು," ಎಂದು ಪರ್ವೀನ್ ಒಲೆಯನ್ನು ಕಂಕುಳಿಗೇರಿಸಿಕೊಂಡಳು.

ಮಾತು ಮೀರಬೇಕೆಂದೇನೂ ಅವಳಿಗಿರಲಿಲ್ಲ, ಪಾಪ. ಮೊದಲು ತಂದದ್ದು ಸಿರುಗುಪ್ಪದ ಹೊಟ್ಟಿನ ಪೆಲೆಟ್ಟೇ. ಅದರ ಬೂದಿ ಕರಗಿ ಇಟ್ಟಿಗೆಯಂತೆ ಗಟ್ಟಿಯಾಗಿ ಗಾಳಿಯ ತೂತುಗಳನ್ನೇ ಮುಚ್ಚಿತು. ಒಲೆ ಹೊಗೆಯಾಡಿತು, ಶಮಾ ಕೆಮ್ಮಿ ಕೆಮ್ಮಿ ಸುಸ್ತಾದಳು. ಶೇಂಗಾ ಸಿಪ್ಪೆಯದು ಚೆನ್ನಾಗಿತ್ತು, ಆದರೆ ಹೋಟೆಲಿನವರು ಹೊತ್ತೊಯ್ದು ಮಾಲೇ ಉಳಿದಿರಲಿಲ್ಲ. ಅಂಗಡಿಯವನು ಮೂರನೆಯ ಚೀಲ ಬಿಚ್ಚಿದ. ಹತ್ತಿಕಟ್ಟಿಗೆಯದು. ಬೂದಿ ಕಡಿಮೆ, ಹೊಗೆ ಇಲ್ಲ. ಮಗಳ ಎದೆ ನೆನೆದು ಪರ್ವೀನ್ ಅದನ್ನೇ ತಂದಳು.

ಅಂದು ದೀಪ ಹಚ್ಚುವ ಹೊತ್ತಿಗೆ ಕರೆಂಟು ಹೋಯಿತು. ಪಕ್ಕದ ಕುಡತಿನಿಯಲ್ಲೇ ಕರೆಂಟು ಹುಟ್ಟಿದರೂ ಬಳ್ಳಾರಿಗೆ ಕತ್ತಲೆಯೇ ಗತಿ. ಒಲೆಯ ಫ್ಯಾನಿಗೆ ಬ್ಯಾಟರಿ ಇತ್ತು, ಅದು ಗುಂಯ್‌ಗುಟ್ಟುತ್ತಲೇ ಇತ್ತು. ಉರಿ ನೀಲಿಯಾಗಿ, ಚೊಕ್ಕವಾಗಿ ಎದ್ದಿತು. ಮಗ್ಗುಲಲ್ಲಿ ಶಮಾ ನಿದ್ದೆ ಹೋಗಿದ್ದಳು. ಪರ್ವೀನ್‌ಗೆ ಹಿಗ್ಗು.

ಆಮೇಲೆ ವಾಸನೆ ಬದಲಾಯಿತು. ಮೊದಲು ಒದ್ದೆ ಮಣ್ಣಿನದು. ಆಮೇಲೆ ಡೀಸೆಲ್ಲಿನದು. ಅದರ ಬೆನ್ನಿಗೇ ಹಸಿ ರಕ್ತದ ಕಮಟು. ಫ್ಯಾನಿನ ಗುಂಯ್ ನಡುವೆ ಯಾರೋ ಕಷ್ಟಪಟ್ಟು ಉಸಿರೆಳೆದರು.

"ಅವ್ವಾ..."

ಗಂಡಸಿನ ದನಿ. ಒಲೆಯೊಳಗಿನಿಂದ.

ಪರ್ವೀನ್ ಕೊಡದ ನೀರು ಸುರಿದಳು. ಉರಿ ಆರಲಿಲ್ಲ. ಮತ್ತೆ ಸುರಿದಳು. ಆರಲಿಲ್ಲ. ಒಲೆಯೊಳಗೆ ಉಸಿರು ಎದ್ದಿತು. ಮಗ್ಗುಲಲ್ಲಿ ಉಸಿರು ಇಳಿಯಿತು. ಶಮಾಳ ಎದೆ ಏಳಲಿಲ್ಲ. ತುಟಿ ನೀಲಿ. ಕೈ ತಣ್ಣಗೆ.

"ಶಮಾ! ಶಮಾ!"

ಬಾಗಿಲಲ್ಲಿ ಇಲಿಯಾಸ್ ನಿಂತಿದ್ದ. ಆಗಷ್ಟೇ ಲಾರಿ ನಿಲ್ಲಿಸಿ ಬಂದವನು, ಒಲೆಯೊಳಗಿನ ದನಿ ಮತ್ತೆ ಒದರಿದ್ದು ಕೇಳಿ ಬಾಗಿಲ ಚೌಕಟ್ಟು ಹಿಡಿದ.

"ಈ ದನಿ ನಂಗ ಗೊತ್ತೈತಿ," ಎಂದ. "ಕುರುಗೋಡು ದಾರ್ಯಾಗ ಒಬ್ಬ ಬಂಡಿ ತುಂಬ ಹತ್ತಿಕಟಗಿ ಹೇರ್ಕೊಂಡು ಹೊಂಟಿದ್ದ. ಗುದ್ದಿದೆ. ಹಿಂಗ ಒದರಿದ. ನಾ ನಿಲ್ಲಿಸ್ಲಿಲ್ಲ ಪರ್ವೀನ್... ಹೆದರಿ ನಿಲ್ಲಿಸ್ಲಿಲ್ಲ."

ಬೈಯಲು ಅವಳಿಗೆ ಪುರುಸೊತ್ತಿರಲಿಲ್ಲ. ಮಗುವನ್ನೆತ್ತಿಕೊಂಡು ಆಸ್ಪತ್ರೆಗೆ ಓಡಿದರು. ಅಲ್ಲಿ ಮೂಗಿಗೆ ಗಾಳಿ ಇಟ್ಟರು. ಮಗುವಿನ ಎದೆ ಅದನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ. ಉಸಿರು ದಾರದೆಳೆಯಷ್ಟು ಉಳಿದಿತ್ತು. ಮಾಟಕ್ಕೆ ನಕ್ಕಿದ್ದ ಪರ್ವೀನೇ ಮಗುವನ್ನು ಎತ್ತಿಕೊಂಡು ಮನೆಗೆ ಮರಳಿ, ಇನ್ನೂ ಉರಿಯುತ್ತಿದ್ದ ಒಲೆಯನ್ನೂ ಲಾರಿಗೆ ಹಾಕಿಸಿ ಹೇಳಿದಳು: "ಕುರುಗೋಡಿಗೆ ಹೊಡೀರಿ."

ಬಾಗಿಲಲ್ಲಿ ಅದಿರಿನ ಲಾರಿ ನಿಂತದ್ದು ಕಂಡೇ ಕೊಟ್ರಮ್ಮನಿಗೆ ಎಲ್ಲ ತಿಳಿಯಿತು. ಅವಳು ಇಲಿಯಾಸನನ್ನೇ ನೋಡಿದಳು.

"ನೀನಾ?"

"ಹೂಂ."

"ಆಸ್ಪತ್ರಿಗೆ ಒಯ್ದಿದ್ರ ಬದುಕ್ತಿದ್ದ ನನ್ನ ಮಗ ಗವಿಸಿದ್ದೇಶ. ಬೆಳಗಾಗೂ ತನಕ ಜೀವ ಇತ್ತಂತ ಅವಂದು." ಮುದುಕಿ ಒಲೆಯ ಕಡೆ ಬೆರಳು ಮಾಡಿದಳು. "ಹೊಡದಾಂವ ಯಾರಂತ ಗೊತ್ತಿರ್ಲಿಲ್ಲ. ಅವನ ರಗತ ಬಿದ್ದ ಮಣ್ಣು ಈ ಒಲಿ ತಳದಾಗ ಇಟ್ಟು ಮಾಟ ಮಾಡ್ಸಿದೆ. ಹೊಡದಾಂವನ ಮನ್ಯಾಗೂ ಕೂಸು ಉಳೀಬಾರ್ದು ಅಂದೆ. ಆವಾಗ ಈ ಕೂಸಿನ ಮುಖ ನಾ ನೋಡಿರ್ಲಿಲ್ಲಲ್ಲ!"

"ಏನಾರ ಮಾಡ್ರಿ ದೊಡ್ಡವ್ವಾ," ಎಂದು ಪರ್ವೀನ್ ಕಾಲು ಹಿಡಿದಳು.

"ಒಳಗಿಂದು ತೆಗೀತೀನಿ. ತೆಗದ್ರ ಅದು ಎಲ್ಲಿ ಹೋಗತೈತೋ ಮಾಟ ಮಾಡಿದಾಂವ ಹೇಳಿಲ್ಲ."

ಕೊಟ್ರಮ್ಮ ಉರಿಯೊಳಗೆ ಕೈ ಇಳಿಸಿದಳು. ಚರ್ಮ ಸುಟ್ಟ ವಾಸನೆ. ಮುದುಕಿ ಕಿರುಚಲಿಲ್ಲ. ಕೆದಕಿದಳು. ಎಳೆದಳು. ಕರ್ರಗಿನ ಮಣ್ಣಿನ ಹೆಂಟೆ ಹೊರಬಂದು ಅಂಗಳದಲ್ಲಿ ಪುಡಿಯಾಯಿತು. ಫ್ಯಾನು ನಿಂತಿತು. ಉರಿ ಆರಿತು. ಕತ್ತಲೆ. ಆ ಕತ್ತಲೆಯಲ್ಲಿ ಶಮಾ ಉಸಿರೆಳೆದು ಜೋರಾಗಿ ಅತ್ತಳು. ಪರ್ವೀನ್ ಮಗುವನ್ನು ಅವಚಿಕೊಂಡು ತಾನೂ ಅತ್ತಳು.

ಮಗುವಿನ ಎದೆ ಮತ್ತೆ ಕಟ್ಟಿತು.

ಗಾಬರಿಯಲ್ಲಿ ಕೊಟ್ರಮ್ಮ ಮಗುವನ್ನು ಕಸಿದುಕೊಂಡಳು. ಉಸಿರು ಸಲೀಸಾಯಿತು. ಪರ್ವೀನ್ ಎತ್ತಿಕೊಂಡರೆ ತುಟಿ ನೀಲಿಯಾಗುತ್ತಿತ್ತು. ಮುದುಕಿಯ ಮಡಿಲಲ್ಲಿ ಮಗು ಸುಖವಾಗಿ ನಿದ್ದೆ ಮಾಡುತ್ತಿತ್ತು. ಬೆಳಗಿನವರೆಗೆ ಎಷ್ಟು ಸಲ ನೋಡಿದರೂ ಅಷ್ಟೇ. ಹೆತ್ತವಳು ಬಾಗಿಲಲ್ಲಿ ನಿಂತರೂ ಸಾಕು, ಪುಟ್ಟ ಎದೆ ಕುಯ್‌ಗುಟ್ಟುತ್ತಿತ್ತು. ಒಲೆಯಿಂದ ಹೊರಬಂದು ಮಗುವಿನ ಎದೆ ಸೇರಿದ ಜೀವ ತನ್ನ ತಾಯಿ ಕೊಟ್ರಮ್ಮನನ್ನು ಬಿಟ್ಟು ಹೋಗಲು ಒಪ್ಪಲಿಲ್ಲ.

"ನಂಗ ಬ್ಯಾಡವ್ವಾ! ನಿನ್ನ ಕೂಸು ನಿಂಗ ಇರಲಿ," ಎಂದು ಕೊಟ್ರಮ್ಮ ಸುಟ್ಟ ಕೈಯಿಂದಲೇ ಹಣೆ ಚಚ್ಚಿಕೊಂಡಳು.

"ಇಟ್ಕೊಳ್ರಿ," ಎಂದಳು ಪರ್ವೀನ್ ಅಂಗಳದಾಚೆ ನಿಂತು. "ಉಸಿರಾಡ್ಲಿ, ಸಾಕು."

ಇಲಿಯಾಸ್ ಪೊಲೀಸ್ ಠಾಣೆಯ ದಾರಿ ಹಿಡಿದ. ಪರ್ವೀನ್ ಒಬ್ಬಳೇ ಬಳ್ಳಾರಿಯ ಬಸ್ಸು ಹತ್ತಿದಳು. ಪಕ್ಕದಲ್ಲಿ ಕೂತ ಹೆಂಗಸು ಮಾತಿಗೆಳೆದು, ಮಕ್ಕಳೆಷ್ಟು ಎಂದು ಕೇಳಿದಳು.

"ಒಬ್ಬಾಕಿ ಅದಾಳ," ಎಂದಳು ಪರ್ವೀನ್. "ಆರಾಮ ಅದಾಳ."