ದಿನಚರಿ ಬರೆದವರು ಯಾರು?

"ಪ್ರೊಜೆಕ್ಟರ್ ಅಲ್ಲಿದೆ. ಒಂದು ವಾರದಿಂದ ಹಸಿರು ಬಣ್ಣ ಬಿಟ್ಟು ಬೇರೇನೂ ತೋರಿಸ್ತಿಲ್ಲ. ಬೇಗ ಮುಗಿಸಿ, ನಂಗೆ ಕ್ಲಾಸಿದೆ."

ಬಾಗಿಲಲ್ಲಿ ನಿಂತಿದ್ದ ಎತ್ತರದ ಮನುಷ್ಯನ ಮುಖ ಕೂಡ ನೋಡದೆ ಪ್ರೊಫೆಸರ್ ಲೊರೇನ್ ಹಾಲ್ವರ್ಸನ್ ಹೇಳಿದಳು. ಆತ ಏನೋ ಹೇಳಲು ಬಾಯಿ ತೆರೆದ, ಮುಚ್ಚಿದ, ಕುರ್ಚಿ ಎಳೆದುಕೊಂಡು ಹತ್ತಿದ. ಐದು ನಿಮಿಷದಲ್ಲಿ ಗೋಡೆಯ ಮೇಲೆ ಕೆಂಪು, ನೀಲಿ ಎಲ್ಲ ಮೂಡಿದವು.

"ಆಯ್ತು, ಪ್ರೊಫೆಸರ್. ನಾನು ಡೆಸ್ಮಂಡ್ ಪಿಕೆಟ್, ಲೈಬ್ರರಿಯ ಆನ್‌ಲೈನ್ ವಿಭಾಗದವನು. ಈ ಸೆಮಿಸ್ಟರ್ ನಿಮ್ಮ ಜೊತೆ ಪಾಠ ಮಾಡೋಕೆ ಡೀನ್ ಕಳಿಸಿದ್ದಾರೆ."

ಬೇರೆ ಯಾರೇ ಆಗಿದ್ದರೂ ನಾಲಿಗೆ ಕಚ್ಚಿಕೊಳ್ಳುತ್ತಿದ್ದರು. ಲೊರೇನ್ ಅವನನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿದಳು. ಸ್ವೆಟರಿನ ಮೊಣಕೈಯಲ್ಲಿ ತೂತು. ಕಣ್ಣು ಮಾತ್ರ ನಗುತ್ತಿದ್ದವು, ಅದೂ ಅನುಮತಿ ಕೇಳದೆ.

"ಇರಲಿ ಬಿಡಿ. ನಿಮ್ಮಿಂದ ಇಷ್ಟಾದರೂ ಉಪಯೋಗ ಆಯ್ತಲ್ಲ."

ಮಿನೆಸೋಟದ ಆ ಸಣ್ಣ ಕಾಲೇಜಿನಲ್ಲಿ ಲೊರೇನ್ ಹದಿನೆಂಟು ವರ್ಷದಿಂದ ಕಲಿಸುತ್ತಿದ್ದುದು ಎರಡನೇ ಮಹಾಯುದ್ಧದಿಂದ ಈಚಿನ ಅಮೆರಿಕದ ಅಧ್ಯಕ್ಷರ ಚರಿತ್ರೆ. ತನ್ನ ಪ್ರಬಂಧಕ್ಕಾಗಿ ಮೂರು ಬೇಸಿಗೆ ದಾಖಲೆ ಕೋಣೆಯಲ್ಲಿ ಕೂತು ಬಂದವಳು. ಅಲ್ಲಿ ಪೆನ್ನು ಒಳಗೆ ಬಿಡುತ್ತಿರಲಿಲ್ಲ, ಪೆನ್ಸಿಲ್ ಮಾತ್ರ. ಒಂದು ಸಲಕ್ಕೆ ಒಂದೇ ಪೆಟ್ಟಿಗೆ. ಅದೇ ಕಾಗದಗಳನ್ನು ಈಗ ಯಾರು ಬೇಕಾದರೂ ಹಾಸಿಗೆಯಲ್ಲಿ ಬಿದ್ದುಕೊಂಡು, ಚಿಪ್ಸ್ ತಿನ್ನುತ್ತಾ ಫೋನಿನಲ್ಲಿ ನೋಡಬಹುದು. ನೋಡುವುದಿಲ್ಲ, ಅದು ಬೇರೆ ಮಾತು.

ಹೋದ ವರ್ಷ ಅವಳ ಕೋರ್ಸಿಗೆ ಬಂದವರು ಒಂಬತ್ತೇ ಜನ. ಪುಸ್ತಕ ಮುಟ್ಟಿ ಎಷ್ಟು ಕಾಲವಾಯಿತೋ ತನಗೇ ನೆನಪಿಲ್ಲದ ಡೀನ್ ಸ್ಟ್ರಾಂಡ್ ಮೇಜಿನ ಮೇಲೆ ಬೆರಳು ಕುಟ್ಟುತ್ತಾ ಷರತ್ತು ಹಾಕಿದ್ದ. ಆನ್‌ಲೈನ್ ದಾಖಲೆ ಇಟ್ಟುಕೊಂಡು ಒಂದು ಸೆಮಿಸ್ಟರ್ ಕಲಿಸಬೇಕು. ಏಪ್ರಿಲಿನಲ್ಲಿ ಸಮಿತಿಯ ಮುಂದೆ ವಿದ್ಯಾರ್ಥಿಗಳ ಒಂದು ಕೆಲಸ ತೋರಿಸಬೇಕು.

"ಒಂದೇ ಒಂದು, ಲೊರೇನ್. ಮಕ್ಕಳು ಒಂದು ಹಳೇ ಕಾಗದಾನ ತಾವಾಗೇ ಓದಿ ಅರ್ಥ ಮಾಡ್ಕೊಂಡಿದಾರೆ ಅಂತ. ಇಲ್ಲಾಂದ್ರೆ ಕೋರ್ಸ್ ಮುಚ್ಚಿ ರೆಡಿಮೇಡ್ ವಿಡಿಯೊ ಹಾಕ್ತೀವಿ."

"ಈ ಮಕ್ಕಳು ಪಿಜ್ಜಾ ಡಬ್ಬಿ ಮೇಲೆ ಬರೆದಿರೋದನ್ನೂ ಪೂರ್ತಿ ಓದಲ್ಲ."

"ಅದಕ್ಕೇ ಪಿಕೆಟ್ ಇದಾನಲ್ಲ."

ಪಿಕೆಟ್ ಇದ್ದ. ಸಾಲದ್ದಕ್ಕೆ ಅವಳ ಕೋಣೆಯಲ್ಲೇ ಇದ್ದ, ಪುಸ್ತಕದ ಬೀರುವಿನ ಹಿಂದೆ ಒಂದು ಮೇಜು ಹಾಕಿಕೊಂಡು. ಮಧ್ಯಾಹ್ನ ಡಬ್ಬಿ ತೆರೆದರೆ ಅದರಲ್ಲಿ ಬ್ರೆಡ್ಡಿನ ಅಂಚುಗಳು ಮಾತ್ರ.

"ಇದೇನು, ಪಾರಿವಾಳಕ್ಕಾ?"

"ಮಗಳು ನಡುವಿನದು ಮಾತ್ರ ತಿಂತಾಳೆ, ಪ್ರೊಫೆಸರ್. ಏಳು ವರ್ಷ. ಅವಳಮ್ಮ ಹೋದಾಗಿಂದ ಅಂಚೆಲ್ಲ ನನ್ನ ಪಾಲಿಗೆ."

ಲೊರೇನ್ ಕಿಟಕಿಯ ಕಡೆ ತಿರುಗಿಕೊಂಡಳು. ಪಾರಿವಾಳ ಅಂದುಬಿಟ್ಟಿದ್ದಕ್ಕೆ ಸಂಜೆಯವರೆಗೂ ಅವನ ಮೇಲೆ ಸಿಡಿಮಿಡಿಗೊಂಡಳು.

ಕ್ಲಾಸಿನಲ್ಲಿ ಅವನು ಶ್ವೇತಭವನದ ಹಳೆಯ ಫೋನ್ ಮಾತುಕತೆಗಳನ್ನು ಕೇಳಿಸಿದ. ಅಧ್ಯಕ್ಷರ ದಿನಚರಿಯ ಹಾಳೆ ತೋರಿಸಿದ: ಎಷ್ಟು ಗಂಟೆಗೆ ಎದ್ದರು, ಯಾರಿಗೆ ಫೋನ್ ಮಾಡಿದರು, ಯಾವ ಬಾಗಿಲಿಂದ ಯಾರು ಒಳಬಂದರು, ನಿಮಿಷ ನಿಮಿಷದ ಲೆಕ್ಕ. ಕಾಲೇಜಿನ ಹಾಕಿ ತಂಡದ ಕೋಲ್ಬಿ ಆಕಳಿಸಿದ. ಬೆಳಗಿನ ಜಾವ ಬೇಕರಿಯಲ್ಲಿ ದುಡಿದು ಬರುವ ಟೆಸ್ಸಾ ಹಿಂದಿನ ಸಾಲಿನಲ್ಲಿ ಬಾಯಿ ತೆರೆದುಕೊಂಡೇ ನಿದ್ದೆ ಹೋದಳು.

"ನೋಡಿದ್ರಾ ನಿಮ್ಮ ಆನ್‌ಲೈನ್ ಕ್ರಾಂತಿ?" ಲೊರೇನ್ ಕೊಂಕು ನಕ್ಕಳು.

"ನಿದ್ದೆ ಮಾಡೋರಿಗೂ ಕಿವಿ ಇರುತ್ತೆ, ಪ್ರೊಫೆಸರ್."

"ನಿಮ್ಮ ಆಶಾವಾದಕ್ಕೆ ಔಷಧಿ ಇಲ್ವಾ?"

"ಇದೆ. ನಿಮ್ಮ ಎದುರು ದಿನಾ ಕೂತ್ಕೊಳ್ಳೋದು. ಇನ್ನೂ ಕೆಲಸ ಮಾಡಿಲ್ಲ."

ಹೀಗೆ ಮಾರ್ಚ್ ಮುಗಿಯಿತು. ಹಿಮ ಕರಗಿ ಕೆಸರಾಯಿತು. ಸಮಿತಿಗೆ ತೋರಿಸಬಹುದಾದ ಒಂದು ಕೆಲಸವೂ ಹುಟ್ಟಲಿಲ್ಲ. ಕೋಲ್ಬಿ ಬರೆದುಕೊಟ್ಟಿದ್ದನ್ನು ಲೊರೇನ್ ಎರಡು ಬೆರಳಲ್ಲಿ ಹಿಡಿದು, ಸತ್ತ ಇಲಿಯ ಹಾಗೆ, ಕಸದ ಬುಟ್ಟಿಗೆ ಬಿಟ್ಟಳು.

ಕೊನೆಯ ಅವಕಾಶವೆಂದು ಪಿಕೆಟ್ ಒಂದು ಅಭ್ಯಾಸ ಇಟ್ಟ. ಅಧ್ಯಕ್ಷರ ಒಂದು ದಿನದ ದಿನಚರಿ, ಮೂರು ಪ್ರಶ್ನೆ: ಬರೆದವರು ಯಾರು? ಏನನ್ನು ನೋಡಿದರು? ಏನನ್ನು ಬಿಟ್ಟರು? ವಿದ್ಯಾರ್ಥಿಗಳು ಆನ್‌ಲೈನ್ ಪುಟದ ಅಂಚಿನಲ್ಲೇ ಟಿಪ್ಪಣಿ ಬರೆಯಬೇಕು. ಸೋಮವಾರ ಪುಟ ತಾನಾಗಿ ತೆರೆದುಕೊಂಡಿತು. ಅವತ್ತು ಮಗಳಿಗೆ ಜ್ವರ, ಪಿಕೆಟ್ ರಜೆ ಹಾಕಿದ್ದ.

ಮಂಗಳವಾರ ಬೆಳಗ್ಗೆ ಮೂಗು ಮುರಿಯಲು ಸಿದ್ಧಳಾಗಿಯೇ ಲೊರೇನ್ ಪುಟ ತೆರೆದಳು.

*9.02. ಪ್ರೊಫೆಸರ್ ಪಶ್ಚಿಮದ ಬಾಗಿಲಿಂದ ಬಂದರು. ಎಡಗೈ ಗವಸು ಮರೆತಿದ್ದಾರೆ.*

*11.20. ಡೀನ್ ಜೊತೆ ಫೋನ್, ನಾಲ್ಕು ನಿಮಿಷ. ಪ್ರೊಫೆಸರ್ ಗೆದ್ದರು.*

*1.10. ಟೆಸ್ಸಾ ನಿದ್ದೆ ಹೋದಳು. ಪ್ರೊಫೆಸರ್ ಬೈದರು. ಆಮೇಲೆ ಅವಳ ಮುಖಕ್ಕೆ ಬಿಸಿಲು ಬೀಳದ ಹಾಗೆ ಪರದೆ ಎಳೆದರು.*

*3.40. ಟೀ. ಸಕ್ಕರೆ ಬೇಡವೆನ್ನುತ್ತಾರೆ. ಎರಡು ಚಮಚ ಹಾಕಿಕೊಂಡರು.*

*3.52. ನಕ್ಕರು. ಕೋಣೆಯಲ್ಲಿ ಒಬ್ಬರೇ ಇದ್ದೇವೆ ಅಂದುಕೊಂಡಿದ್ದರು.*

*4.30. ಹೊರಟರು. ಕಟ್ಟಡ ಖಾಲಿಯಾಯಿತು.*

ಅವಳಿಗೆ ಕಿವಿಯವರೆಗೆ ಬಿಸಿಯೇರಿತು. ದಿನಚರಿಯಲ್ಲಿ ಅಧ್ಯಕ್ಷರ ಬದಲು ಅವಳು. ಹೊಸ ಪುಟ ಸರಿಯಾಗಿ ಕಾಣುತ್ತದೋ ಎಂದು ನೋಡಲು ಫೆಬ್ರವರಿಯಲ್ಲಿ ತನಗಾಗಿ ಬರೆದಿಟ್ಟುಕೊಂಡಿದ್ದ ಫೈಲನ್ನೇ ಆ ಕತ್ತೆ ಪಿಕೆಟ್ ಏರಿಸಿಬಿಟ್ಟಿದ್ದ.

ಆದರೆ ಅಂಚಿನಲ್ಲಿ ಈ ಸಲ ಸೇರಿದ್ದ ಇಪ್ಪತ್ತೆರಡು ಜನರ ಟಿಪ್ಪಣಿಗಳಿದ್ದವು. ಇಪ್ಪತ್ತೆರಡೂ.

ಕೋಲ್ಬಿ, ಜನ್ಮದಲ್ಲಿ ಮೊದಲ ಸಲ ಯಾವುದನ್ನೂ ನಕಲು ಮಾಡದೆ, ಬರೆದಿದ್ದ: "ಎಲ್ಲರ ಹೆಸರೂ ಇದೆ. ಆ ಕೋಣೆಯಲ್ಲಿ ದಿನಾ ಇರೋ ಒಬ್ಬರದ್ದು ಮಾತ್ರ ಇಲ್ಲ. ಬಿಟ್ಟುಹೋದವನೇ ಬರೆದವನು."

ಟೆಸ್ಸಾ ಕೊನೆಯ ಸಾಲಿಗೆ ಬರೆದಿದ್ದಳು: "ನಾಲ್ಕೂವರೆಗೆ ಕಟ್ಟಡ ಖಾಲಿ ಅನ್ನೋದು ಸುಳ್ಳು. ಅದನ್ನ ಬರೆದವನು ಒಳಗೇ ಇದ್ದ. ಅವರು ಹೋದಮೇಲೆ ಅವನ ಪಾಲಿಗೆ ಖಾಲಿ, ಅಷ್ಟೇ. ದಾಖಲೆ ಬರೆಯೋರು ಬಚ್ಚಿಟ್ಟಿದ್ದು ಇಂಥ ಕಡೆ ಸಿಗುತ್ತೆ."

ಲೊರೇನ್ ಅದನ್ನು ಮತ್ತೆ ಓದಿದಳು. ಹದಿನೆಂಟು ವರ್ಷದಲ್ಲಿ ಯಾವ ವಿದ್ಯಾರ್ಥಿಯೂ ಒಂದು ಕಾಗದವನ್ನು ಅವಳಿಗಾಗಿ ಹೀಗೆ ಓದಿಕೊಟ್ಟಿರಲಿಲ್ಲ.

ಪಿಕೆಟ್ ಒಳಬಂದ. ಅವಳ ಕಂಪ್ಯೂಟರ್ ಪರದೆಯ ಮೇಲೇನಿದೆ ಎಂದು ನೋಡಿದ್ದೇ ಮುಖ ಸುಣ್ಣದಂತಾಯಿತು.

"ಅಯ್ಯೋ ದೇವರೇ. ಪ್ರೊಫೆಸರ್, ಈಗಲೇ ಅಳಿಸ್ತೀನಿ. ನಾಳೆಯಿಂದ ನಾನು ಬರೋದೇ ಬೇಡ ಅಂದ್ರೂ..."

"ಕೂತ್ಕೊಳ್ಳಿ. ಶ್ವೇತಭವನದ ಟೇಪಿನಲ್ಲಿ ಹದಿನೆಂಟೂವರೆ ನಿಮಿಷ ಅಳಿಸಿಹೋಗಿದ್ದಕ್ಕೆ ಐವತ್ತು ವರ್ಷದಿಂದ ಜನ ಒಬ್ಬ ಅಧ್ಯಕ್ಷನ್ನ ಬೈತಿದಾರೆ. ಮೂಲ ದಾಖಲೆ ಅಳಿಸೋ ಮಾತು ನನ್ನ ಕೋಣೆಯಲ್ಲಿ ಆಡಬೇಡಿ."

"ಆದ್ರೆ ಗುರುವಾರ ಸಮಿತಿಗೆ ಏನು ತೋರಿಸ್ತೀರಿ?"

ಇಬ್ಬರೂ ಒಟ್ಟಿಗೆ ಆ ಪುಟದ ಕಡೆ ನೋಡಿದರು. ತೋರಿಸಬಹುದಾದದ್ದು ಇದೊಂದೇ ಎಂದು ಇಬ್ಬರಿಗೂ ಗೊತ್ತಾಯಿತು. ತೋರಿಸಿದರೆ ಕೋರ್ಸು ಉಳಿದೀತು. ಆಮೇಲೆ ಕ್ಯಾಂಟೀನಿನ ಪ್ರತಿ ಮೇಜಿನಲ್ಲೂ ಅವಳ ಹೆಸರು ಅವನ ಹೆಸರಿನ ಜೊತೆಗೇ ಕೇಳಿಬರುತ್ತದೆ.

"ಬೇಡ," ಅವನು ಮೆಲ್ಲಗೆ ಹೇಳಿದ. "ನನಗೋಸ್ಕರ ಅಲ್ಲ. ನಿಮ್ಮನ್ನ ಅವರು ಆಡ್ಕೊಳ್ತಾರೆ."

"ಅವರು ಆಡ್ಕೊಳ್ಳೋಕೂ ಓದು ಬೇಕು, ಮಿಸ್ಟರ್ ಪಿಕೆಟ್."

ಟೆಸ್ಸಾಳನ್ನು ಕರೆಸಿ ಒಪ್ಪಿಗೆ ಕೇಳಿದಾಗ ಅವಳು ಕಣ್ಣುಜ್ಜಿಕೊಂಡು, "ಹಂಗಾದ್ರೆ ನಂಗೆ ಎ ಗ್ರೇಡಾ?" ಎಂದಳು.

"ಬಿ ಪ್ಲಸ್. ಕ್ಲಾಸಲ್ಲಿ ನಿದ್ದೆ ಮಾಡ್ತೀಯ."

"ನಿಮ್ಮ ಬಗ್ಗೆ ಬರೆದಿರೋದು ನಿಜ ತಾನೇ, ಪ್ರೊಫೆಸರ್? ಪರದೆ ಎಳೆದಿದ್ದು?"

"ಬಿಸಿಲಿಗೆ ನನ್ನ ಕಣ್ಣು ಕುಕ್ಕುತ್ತಿತ್ತು. ಹೋಗು."

ಗುರುವಾರ ಸಮಿತಿಯ ಏಳು ಜನ ಕಾಫಿಯ ಕಾಗದದ ಲೋಟ ಹಿಡಿದು ಕೂತಿದ್ದರು. ಅವರಲ್ಲಿ ಮೂವರು ಅಧ್ಯಕ್ಷರ ಹೆಸರುಗಳನ್ನು ಕ್ರಮವಾಗಿ ಹೇಳಲಾರರು ಎಂದು ಲೊರೇನ್‌ಗೆ ಗೊತ್ತಿತ್ತು. ಪಿಕೆಟ್ ಪ್ರೊಜೆಕ್ಟರ್ ಪಕ್ಕ ನೆಲ ನೋಡುತ್ತಾ ನಿಂತಿದ್ದ. ಅವಳು ಒಂದೊಂದೇ ಸಾಲು ಗಟ್ಟಿಯಾಗಿ ಓದಿದಳು, ಸಕ್ಕರೆಯ ಎರಡು ಚಮಚವನ್ನೂ ಬಿಡದೆ. ಆಮೇಲೆ ಕೋಲ್ಬಿಯ ಟಿಪ್ಪಣಿ, ಆಮೇಲೆ ಟೆಸ್ಸಾಳದು.

ಯಾರೂ ಲೋಟ ಎತ್ತಲಿಲ್ಲ.

"ಈ ಪ್ರೊಫೆಸರ್ ಯಾರು?" ಡೀನ್ ಸ್ಟ್ರಾಂಡ್ ಕೇಳಿದ.

"ಪಶ್ಚಿಮದ ಬಾಗಿಲು ಬಳಸೋಳು ಈ ಕಾಲೇಜಲ್ಲಿ ನಾನೊಬ್ಬಳೇ. ಹದಿನೆಂಟು ವರ್ಷದಿಂದ ನೀವು ನೋಡಿಲ್ಲ."

"ಹಾಗಾದ್ರೆ ಬರೆದವರು?"

ಪಿಕೆಟ್‌ನ ಕಿವಿ ಕೆಂಪಗಾಗಿದ್ದವು. ಲೊರೇನ್ ಕನ್ನಡಕ ತೆಗೆದು ನಿಧಾನವಾಗಿ ಒರೆಸಿದಳು.

"ಅದನ್ನ ಕಂಡುಹಿಡಿಯೋದೇ ಪಾಠ, ಡೀನ್. ನನ್ನ ಇಪ್ಪತ್ತೆರಡು ಜನರಲ್ಲಿ ಹತ್ತೊಂಬತ್ತು ಜನ ಕಂಡುಹಿಡಿದ್ರು. ನಿಮಗೆ ಕಷ್ಟ ಆಗ್ತಿದ್ರೆ ಮುಂದಿನ ಸೆಮಿಸ್ಟರ್ ಬಂದು ಹಿಂದಿನ ಸಾಲಲ್ಲಿ ಕೂತ್ಕೊಳ್ಳಿ. ಕೋರ್ಸ್ ಇದ್ರೆ."

ಕೋರ್ಸು ಉಳಿಯಿತು, ಪರ ಐದು ಮತ, ವಿರುದ್ಧ ಎರಡು.

ಮೂರು ನಲವತ್ತಕ್ಕೆ ಪಿಕೆಟ್ ಬೀರುವಿನ ಹಿಂದೆ ತನ್ನ ಪುಸ್ತಕಗಳನ್ನು ರಟ್ಟಿನ ಪೆಟ್ಟಿಗೆಗೆ ತುಂಬುತ್ತಿದ್ದ. ಲೊರೇನ್ ಟೀ ಮಾಡಿದಳು. ಎರಡು ಕಪ್.

"ಏನದು ಪೆಟ್ಟಿಗೆ?"

"ನಿಮಗೆ ನಿಮ್ಮ ಕೋಣೆ ವಾಪಸ್ ಬೇಕಲ್ಲ."

"ನಾನು ಕೇಳಿದ್ನಾ? ಆ ದಿನಚರೀಲಿ ಒಂದು ತಪ್ಪಿದೆ. ಅಂಚಲ್ಲಿ ಸರಿ ಮಾಡಿದೀನಿ. ಓದಿ."

ಅವನು ಪುಟ ತೆರೆದ. 3.52ರ ಪಕ್ಕದಲ್ಲಿ ಹೊಸ ಟಿಪ್ಪಣಿ ಇತ್ತು.

"ಒಬ್ಬಳೇ ಇದ್ದೇನೆ ಅಂದುಕೊಂಡಿರಲಿಲ್ಲ. ಕಿಟಕಿಯ ಗಾಜಿನಲ್ಲಿ ಕಾಣುತ್ತಿತ್ತು, ದಿನಚರಿ ಬರೆದವರು ಬ್ರೆಡ್ಡಿನ ಅಂಚು ತಿನ್ನುತ್ತಿದ್ದುದು. ನಕ್ಕಿದ್ದು ಅದನ್ನು ನೋಡಿ. ಆಮೇಲೆ ದಿನಾ ನೋಡಿದ್ದೇನೆ. ಲೊ. ಹಾ."

 ಅವನು ಪೆಟ್ಟಿಗೆಯಿಂದ ಒಂದು ಪುಸ್ತಕ ತೆಗೆದು ಮತ್ತೆ ಮೇಜಿನ ಮೇಲಿಟ್ಟ.

"ಲೊರೇನ್, ಇದನ್ನ ಮಕ್ಕಳೂ ನೋಡ್ತಾರೆ."

"ನೋಡಲಿ," ಎಂದು ಅವಳು ಅವನ ಕಪ್‌ಗೆ ಸಕ್ಕರೆ ಹಾಕಿದಳು. "ಅಂತೂ ಇಂತೂ ಅವರಿಗೆ ಓದೋಕೆ ಬಂತಲ್ಲ."