ಬಲಗಾಲಿನ ಬೂಟು

"ಸೈನ್ ಎಲ್ಲಿ ಹಾಕ್ಬೇಕು, ಅದನ್ನ ಹೇಳು," ಎಂದಳು ಅಮ್ಮ. ಗೆಣಸು ಹೆಚ್ಚುವ ಚಾಕು ಇನ್ನೂ ಕೈಯಲ್ಲೇ ಇತ್ತು.

"ಮೊದ್ಲು ಕೇಳಮ್ಮ," ಎಂದಳು ಶಾಲೆಯ ನೋಟ್‌ಬುಕ್ ಹಿಡಿದು ನಿಂತಿದ್ದ ಮಾರ್ಲೇನಿ. "ಸೈರನ್ ಒಂದೇ ಸಲ ಉದ್ದಕ್ಕೆ ಕೂಗಿದ್ರೆ ಮೀನು ಬಂದಿದೆ ಅಂತ. ಮೂರು ಸಲ ಚಿಕ್ಕದಾಗಿ ಕೂಗಿದ್ರೆ ಐಸ್ ಮಾಡೋ ಕಡೆ ಅಮೋನಿಯ ಗ್ಯಾಸ್ ಲೀಕ್ ಆಗಿದೆ ಅಂತ. ಆಗ ಆ ಕಡೆ ಹೋಗಬಾರ್ದು. ಮೂಗಿಗೆ ಒದ್ದೆ ಬಟ್ಟೆ ಹಿಡ್ಕೊಂಡು ಗಾಳಿಗೆ ಅಡ್ಡವಾಗಿ ದೂರ ಹೋಗ್ಬೇಕು."

"ಹದಿನಾಲ್ಕು ವರ್ಷದಿಂದ ಕೇಳ್ತಿದೀನಿ ಆ ಸೈರನ್ನ. ಕೂಗಿದ್ರೆ ಮೀನು. ನಿಮ್ಮ ಮೇಷ್ಟ್ರು ಎಷ್ಟು ಮೀನು ಕೊಯ್ದಿದಾರಂತೆ?"

ಮೇಷ್ಟ್ರು ಅದನ್ನು ಹೇಳಿರಲಿಲ್ಲ. 'ಮನೆಯವರಿಗೆ ತಿಳಿಸಲಾಗಿದೆ' ಎಂಬ ಸಾಲಿನ ಕೆಳಗೆ ಅಮ್ಮ ಸೈನ್ ಹಾಕಿದಳು.

ಪೆರುವಿನ ಈ ಬಂದರಿನಲ್ಲಿ ಮೀನಿನ ಫ್ಯಾಕ್ಟರಿಯ ಸೈರನ್ ಕೂಗಿದರೆ ಹೆಂಗಸರು ಓಡುತ್ತಾರೆ. ಒಳಗಿರುವುದು ಮೀನು ಕೊಯ್ಯುವ ನಲವತ್ತು ಟೇಬಲ್, ಒಬ್ಬೊಬ್ಬಳಿಗೆ ಒಂದು. ನಲವತ್ತೊಂದನೆಯವಳು ಮನೆಗೆ ವಾಪಸ್. ರಬ್ಬರ್ ಬೂಟಿಲ್ಲದವಳನ್ನು ವಾಚ್‌ಮನ್ ಗೇಟಿನಲ್ಲೇ ನಿಲ್ಲಿಸುತ್ತಾನೆ. ಹಾಗಾಗಿ ಅಮ್ಮನ ಬೂಟುಗಳು ಸದಾ ಬಾಗಿಲಿಗೆ ಮುಖ ಮಾಡಿಕೊಂಡು ನಿಂತಿರುತ್ತಿದ್ದವು.

ಗುರುವಾರ ಮಧ್ಯಾಹ್ನ ಮೂರಕ್ಕೆ ಸೈರನ್ ಕೂಗಿತು. ಚಿಕ್ಕದು. ಮತ್ತೊಂದು. ಇನ್ನೊಂದು.

ಅಮ್ಮ ಕೂದಲು ಗಂಟು ಹಾಕುತ್ತಿದ್ದಳು. ಅಷ್ಟರಲ್ಲಿ ಮಾರ್ಲೇನಿ ಬಲಗಾಲಿನ ಬೂಟನ್ನು ನೀರಿನ ಡ್ರಮ್ಮಿಗೆ ಹಾಕಿ ಮುಚ್ಚಳ ಮುಚ್ಚಿದಳು.

ಪಕ್ಕದ ಮನೆಯವಳು, ಫ್ಲೋರ್, ಬಾಗಿಲಲ್ಲಿ ಇಣುಕಿದಳು. "ಬರ್ತೀಯೋ, ನಿನ್ನ ಟೇಬಲ್ ನಾನು ಹಿಡೀಲೋ?"

"ಹೋಗಬೇಡಿ ಅತ್ತೆ. ಮೂರು ಸಲ ಕೂಗ್ತು," ಎಂದಳು ಮಾರ್ಲೇನಿ.

"ಹಾಗಾದ್ರೆ ಮೂರು ದೋಣಿ ಬಂದಿದೆ," ಎಂದು ಫ್ಲೋರ್ ಓಡಿದಳು.

ಅಮ್ಮ ಮಂಚದ ಕೆಳಗೆ ಹುಡುಕಿದಳು, ಒಲೆಯ ಹಿಂದೆ ಹುಡುಕಿದಳು, ನಾಯಿಯನ್ನು ಎಬ್ಬಿಸಿ ಅದರ ಕೆಳಗೂ ನೋಡಿದಳು. ಮಾರ್ಲೇನಿ ಮೂರು ಸಲ ಕೂಗಿದ್ದನ್ನು ಮತ್ತೆ ಮತ್ತೆ ಹೇಳಿದಳು. ಅದಕ್ಕೆ ಅಮ್ಮ ಹೇಳಿದ್ದನ್ನು ಶಾಲೆಯ ನೋಟ್‌ಬುಕ್ಕಿನಲ್ಲಿ ಬರೆಯುವ ಹಾಗಿಲ್ಲ.

ಆಮೇಲೆ ಕಣ್ಣು ಉರಿಯತೊಡಗಿತು.

ಹೋದ ಹೆಂಗಸರು ಕೆಮ್ಮುತ್ತಾ ವಾಪಸ್ ಓಡಿ ಬರುತ್ತಿದ್ದರು. ಫ್ಲೋರಳನ್ನು ಇಬ್ಬರು ಹಿಡಿದುಕೊಂಡಿದ್ದರು. ಯಾವಾಗಲೂ ಮಾತಾಡುವವಳ ಬಾಯಿಂದ ಮಾತೇ ಇಲ್ಲ.

ಅಮ್ಮ ತಂತಿಯ ಮೇಲಿನ ಬಟ್ಟೆಗಳನ್ನು ನೋಡಿದಳು. ಫ್ಯಾಕ್ಟರಿ ಕಡೆಯಿಂದ ಮನೆಯತ್ತ ಹಾರುತ್ತಿದ್ದವು. ಎರಡು ಟವೆಲ್ ಎಳೆದುಕೊಂಡು ಡ್ರಮ್ಮಿನ ಮುಚ್ಚಳ ತೆಗೆದಳು. ಬೂಟು ತೇಲುತ್ತಿತ್ತು.

ಅಮ್ಮ ಅದನ್ನು ಪಕ್ಕಕ್ಕೆ ಸರಿಸಿದಳು. ಟವೆಲ್ ಅದ್ದಿ ಹಿಂಡಿ ಮಗಳ ಮೂಗಿಗೆ ಹಿಡಿದಳು. "ಅಡ್ಡಕ್ಕೆ ಅಂದ್ಯಲ್ಲ?" ಎಂದಳು. ಬೀದಿಯವರನ್ನೂ ಕೂಗಿ ಕರೆದುಕೊಂಡು ಶಾಲೆಯ ಮೈದಾನದತ್ತ ಹೊರಟಳು.

ಫ್ಲೋರ್ ಆರು ದಿನ ಆಸ್ಪತ್ರೆಯಲ್ಲಿದ್ದಳು. ಬೂಟು ಬಿಸಿಲಲ್ಲಿ ಒಣಗಿತು.

ಹದಿನೈದು ದಿನದ ಮೇಲೆ ಸೈರನ್ ಮತ್ತೆ ಕೂಗಿತು. ಅಮ್ಮ ಎಡಗಾಲಿಗೆ ಬೂಟು ಹಾಕಿ, ಬಲಗಾಲಿನದನ್ನು ಕೈಯಲ್ಲಿ ಹಿಡಿದು ಹಾಗೇ ನಿಂತಳು. ಗೋಡೆಯಾಚೆಯಿಂದ ಒಡೆದ ದನಿಯಲ್ಲಿ ಫ್ಲೋರ್ ಕೇಳಿದಳು:

"ಮಾರ್ಲೇನಿ, ಎಷ್ಟು ಸಲ ಕೂಗ್ತೇ?"

ಮಾರ್ಲೇನಿ ಇನ್ನೊಂದು ಕೂಗು ಬರುವುದೋ ಎಂದು ಉಸಿರು ಬಿಗಿಹಿಡಿದು ಕಾದಳು. ಮೊದಲು ಎಣಿಸಿದ್ದು ಅಮ್ಮನಿಗಾಗಿ. ಈಗ ಗೋಡೆಯಾಚೆಯವರೂ ಕಾಯುತ್ತಿದ್ದರು.

"ಒಂದೇ, ಅತ್ತೆ."

ಆಗ ಎರಡೂ ಮನೆಯ ಬಾಗಿಲು ತೆರೆದವು.