ಪರದೆಯ ಮೂಲೆಯ ಪ್ಲಾಸ್ಟರ್

ಬೆಳಗ್ಗೆ ಲ್ಯಾಬಿನ ಬಾಗಿಲು ತೆಗೆಯುವಷ್ಟರಲ್ಲಿ ಊರೆಲ್ಲ ಗುಲ್ಲು. ರೋಗಿಗಳ ರಕ್ತಪರೀಕ್ಷೆಯ ವರದಿಗಳು ಹೆಸರು, ಫೋನ್ ನಂಬರಿನ ಸಮೇತ ಇಂಟರ್ನೆಟ್ಟಿನಲ್ಲಿ ಬೀದಿಪಾಲಾಗಿದ್ದವು. ಯಾರದೋ ಗುಟ್ಟಿನ ಬಸಿರು, ಯಾರದೋ ಹೇಳಿಕೊಳ್ಳಲಾಗದ ಕಾಯಿಲೆ — ಎಲ್ಲ ಬಟಾಬಯಲು!

“ಇವಳದೇ ಕೆಲಸ!” ಲ್ಯಾಬಿನ ಯಜಮಾನ ಮುಂದಿನ ಮೇಜಿನ ಪುಟ್ಟಿಯತ್ತ ಬೆರಳು ಮಾಡಿದ. ಸ್ವಂತ ಅಕ್ಕನ ಮಗಳೆಂಬ ಮುಲಾಜೂ ಇಲ್ಲ. “ಕದ್ದು ಮಾರಿದಾಳೆ!”

ಪುಟ್ಟಿ ಕುರ್ಚಿಯಿಂದ ಎದ್ದು ನಿಂತಳು. ಕೆಲಸ ಹೋದರೆ ಹೋಗಲಿ; ಕಳ್ಳಿ ಅನ್ನಿಸಿಕೊಂಡವಳನ್ನು ಇನ್ಯಾವ ಲ್ಯಾಬು ಒಳಗೆ ಬಿಟ್ಟುಕೊಂಡೀತು?

ತನಿಖೆಗೆ ಬಂದ ಹೆಂಗಸು ಕುರ್ಚಿ ಎಳೆದುಕೊಂಡಳು. “ನಿನ್ನೆ ಏನೇನು ತೆರೆದಿದ್ದೆ, ತಾಯಿ?”

“ಸ್ವೆಟರ್ ಹೆಣಿಗೆಯ ಪುಟ, ಮೇಡಂ.”

“ಏನಾದ್ರೂ ಇಳಿಸಿಕೊಂಡೆಯಾ? ಒತ್ತಿದೆಯಾ?”

“ಇಲ್ಲ. ಬರೀ ನೋಡ್ದೆ.”

“ಅದನ್ನ ನಾನೂ ನೋಡ್ದೆ,” ರಕ್ತ ತೆಗೆಯುವಾತ ಇಣುಕಿದ. “ಒಳಗಿನ ಕಂಪ್ಯೂಟರಲ್ಲಿ. ಏನೂ ಆಗಿಲ್ಲ.”

“ಇದು ಲ್ಯಾಬೋ, ಹೆಣಿಗೆ ಶಾಲೆಯೋ?” ಯಜಮಾನ ಸಿಡುಕಿದ.

ಹೆಂಗಸಿನ ಕಣ್ಣು ಪರದೆಯ ಮೇಲ್ಮೂಲೆಗೆ ಹೋಯಿತು. ಅಲ್ಲೊಂದು ಗಾಯದ ಪ್ಲಾಸ್ಟರ್! “ಒಡೆದಿದೆಯಾ?”

“ರಜೆಯಿಂದ ಬಂದಾಗ ಇತ್ತು. ಒಡೆದಿದೆ ಅಂದ್ಕೊಂಡೆ,” ಎಂದಳು ಪುಟ್ಟಿ. ರಕ್ತ ತೆಗೆಯುವಾತನೂ ತಲೆಯಾಡಿಸಿದ.

ಹೆಂಗಸು ಪ್ಲಾಸ್ಟರಿನ ಅಂಚಿಗೆ ಉಗುರಿಟ್ಟಳು.

“ಮುಟ್ಟಬೇಡ್ರೀ! ಕೆಳಗೆ ಕೆಂಪು ಗುಂಡಿ ಇದೆ,” ಯಜಮಾನ ಹಾರಿಬಿದ್ದ. “ಒತ್ತಿದ್ರೆ ಬ್ರೌಸರ್ ಮುಚ್ಚಿ ಹೊರಗಿನ ಟೋಕನ್ ಬೋರ್ಡೇ ಆರಿಹೋಗುತ್ತೆ, ಜನ ಗಲಾಟೆ —”

ಹೆಂಗಸು ಅವನತ್ತ ತಿರುಗಿದಳು.

“ಕೆಳಗೇನಿದೆ ಅಂತ ಅಂಟಿಸಿದವರಿಗೆ ಮಾತ್ರ ಗೊತ್ತಿರುತ್ತೆ,” ಎಂದು ಅವಳು ಪ್ಲಾಸ್ಟರ್ ಕಿತ್ತಳು. ಕೆಂಪು ಗುಂಡಿಯ ಮೇಲೆ ಬರೆದಿತ್ತು: ‘ಬ್ರೌಸರ್ ಮುಚ್ಚಿ ಮತ್ತೆ ತೆರೆಯಿರಿ.’

“ಬ್ರೌಸರ್ ಪ್ರತಿ ಪುಟಕ್ಕೂ ಬೇಲಿ ಹಾಕಿರುತ್ತೆ,” ಹೆಂಗಸು ಯಜಮಾನನಿಗೆ ಹೇಳಿದಳು. “ ಪುಟ ಎಷ್ಟೇ ಕೆಟ್ಟದಿರಲಿ, ಬೇಲಿ ದಾಟಿ ನಿಮ್ಮ ವರದಿ ಮುಟ್ಟೋ ಹಾಗಿಲ್ಲ. ಈ ಸಲ ಬೇಲಿಯಲ್ಲೇ ಕಿಂಡಿ ಬಿದ್ದಿತ್ತು. ಕಳ್ಳರು ಆ ಹೆಣಿಗೆ ಪುಟದೊಳಗೆ ಹೊಕ್ಕಿದ್ರು — ಬರೀ ನೋಡಿದ್ರೂ ಸಾಕು! ಆ ಕಿಂಡಿ ಮುಚ್ಚೋ ತೇಪೆ, ಹೊಸ ಅಪ್‌ಡೇಟು, ಬಂದು ಕಾಯ್ತಿತ್ತು. ಬ್ರೌಸರ್ ಮುಚ್ಚಿ ತೆರೆದ್ರೆ ಮಾತ್ರ ಅದು ಹತ್ತೋದು. ಒಳಗಿನ ಕಂಪ್ಯೂಟರ್ ದಿನಾ ಆರಿಸ್ತೀರಿ, ಬಚಾವಾಯ್ತು. ಕದ್ದವರು ಎಲ್ಲೋ ಇದ್ದಾರೆ. ಕಿಂಡಿ ತೆರೆದಿಟ್ಟವರು ಮಾತ್ರ ನೀವು.”

ಯಜಮಾನ ಬೆವರು ಒರೆಸಿಕೊಂಡ. “ಪುಟ್ಟೀ, ಮನೆ ಮಾತು ಮನೇಲಿರಲಿ. ರೋಗಿಗಳಿಗೆಲ್ಲ ಆಗಲೇ ಫೋನ್ ಮಾಡಿ ನಿನ್ನ ಹೆಸರು ಹೇಳಿಬಿಟ್ಟಿದೀನಿ. ಈಗ ತಿರುಗಿಸಿದ್ರೆ ನನ್ನ ಮಾನ ಏನಾಗ್ಬೇಕು?”

“ಮಾನ ನಿಮಗೊಬ್ಬರಿಗೇನಾ, ಮಾವ?” ಪುಟ್ಟಿ ಫೋನ್ ಎಳೆದುಕೊಂಡಳು. “ಒಬ್ಬೊಬ್ಬರಿಗೂ ನಾನೇ ಹೇಳ್ತೀನಿ. ಅವರ ನಂಬರುಗಳು ಹೇಗೂ ಬೀದೀಲೇ ಬಿದ್ದಿವೆಯಲ್ಲ!”